ಓಬಳಮ್ಮನ ಪಾಟೀಸವಾಲು

ಹೋದ ತಿಂಗಳು ಯಾವುದೋ ಹಳೆಯ ತೀರ್ಪಿನ ನಕಲಿಗಾಗಿ ಮಧುಗಿರಿಯ ಕೋರ್ಟಿಗೆ ಹೋಗಿದ್ದೆ. ವಕೀಲಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಹಜಾರಕ್ಕೆ ಸುಣ್ಣ ಬಳಿಯುತ್ತಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ಅಡರಿತು. ಮೇಜು, ಕುರ್ಚಿ, ಕಟಕಟೆ ಎಲ್ಲವನ್ನೂ ಹೊರಗೆ ಹಾಕಿದ್ದರಿಂದ ನಾನು ಇಪ್ಪತ್ತೆಂಟು ವರ್ಷ ನಿಂತು ಮಾತಾಡಿದ ಜಾಗ ಯಾರೋ ಬಿಟ್ಟುಹೋದ ಬಾಡಿಗೆ ಮನೆಯ ಹಾಗೆ ಕಂಡಿತು. ಕಣ್ಣು ತಾನಾಗಿ ಪಡುವಣ ಗೋಡೆಯ ಕಡೆ ಹೋಯಿತು. ಅಲ್ಲಿದ್ದ ದೊಡ್ಡ ಬಾಗಿಲು ಇರಲಿಲ್ಲ. ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ್ದರು.

"ಈ ಬಾಗಿಲು ಏನಾಯಿತಪ್ಪ?" ಎಂದು ಗಾರೆಯವನನ್ನು ಕೇಳಿದೆ.

"ಸಾಯಂಕಾಲ್ದಾಗೆ ಬಿಸ್ಲು ನೇರವಾಗಿ ಸಾಕ್ಷಿ ಯೋಳೋರ ಮಖಕ್ಕೆ ಒಡೀತದಂತೆ ಸ್ವಾಮಿ. ಬಾಗ್ಲಾಗೆ ನಿಂತೋರು ಯಾರಂತ್ಲೇ ಕಾಣಲ್ವಂತೆ. ಅದ್ಕೆ ಈಗಿನ ಸಾಹೇಬ್ರು ಮುಚ್ಚಿಸ್ಬುಟ್ರು."

ಹೊರಗೆ ಬಂದು ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತೆ. ನಕಲು ಕೊಡಲು ಬಂದ ಗುಮಾಸ್ತ ಎರಡು ಸಲ ಕರೆದನಂತೆ. ಕೇಳಿಸಲಿಲ್ಲ.

ಆ ವರ್ಷ ನನಗೆ ಮೂವತ್ತೆಂಟು. ಮಧುಗಿರಿಯಲ್ಲಷ್ಟೇ ಅಲ್ಲ, ಸಿರಾ, ಕೊರಟಗೆರೆ, ಪಾವಗಡದಲ್ಲೂ ಕ್ರಿಮಿನಲ್ ಮೊಕದ್ದಮೆ ಎಂದರೆ ಜನ ಮೊದಲು ನನ್ನ ಮನೆಯ ದಾರಿ ಕೇಳುತ್ತಿದ್ದರು. ನಮ್ಮ ಮನೆತನ ಪೇಟೆಯಲ್ಲಿ ಎಣ್ಣೆ, ಬೆಲ್ಲ ಮಾರುತ್ತಿದ್ದ ಲಿಂಗವಂತರದು. ಓದಿ ಕರಿ ಕೋಟು ಹಾಕಿದವನು ನಾನೇ ಮೊದಲು. ನನ್ನ ಹೆಸರೆಲ್ಲ ನಿಂತಿದ್ದುದು ಪಾಟೀಸವಾಲಿನ ಮೇಲೆ. ಎದುರು ಪಕ್ಷದ ಸಾಕ್ಷಿ ಕಟಕಟೆ ಹತ್ತಿದಾಗ ನಾನು ಎಂದೂ ಗದರುತ್ತಿರಲಿಲ್ಲ. ಊರು, ಮಳೆ, ಬೆಳೆ ವಿಚಾರಿಸುತ್ತಿದ್ದೆ. ಅವರ ಭಯ ಹೋಗಿ ನಾಲಗೆ ಸಡಿಲವಾದ ಮೇಲೆ ಕೈ ಹಾಕುತ್ತಿದ್ದೆ. ನನಗೊಂದು ನಿಯಮವಿತ್ತು: ಕಕ್ಷಿಗಾರನನ್ನು 'ನೀನು ಮಾಡಿದೆಯಾ' ಎಂದು ಕೇಳಬಾರದು. ಏನು ನಡೆಯಿತು ಎನ್ನುವುದು ದೇವರ ಲೆಕ್ಕ, ಏನು ರುಜುವಾಯಿತು ಎನ್ನುವುದು ವಕೀಲನದು ಎಂದು ಹೆಂಡತಿಗೂ ಹೇಳುತ್ತಿದ್ದೆ. ಅವಳು, "ನೀವು ದೇವರಿಗೆ ಬಹಳ ಕೆಲಸ ಬಿಡ್ತೀರಿ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಮಾಘ ಮಾಸದಲ್ಲಿ ಆ ಮೊಕದ್ದಮೆ ಬಂತು. ಚನ್ನರಾಯನದುರ್ಗದ ಬೆಟ್ಟದ ತಪ್ಪಲಲ್ಲಿ ಒಂದು ಸಣ್ಣ ಹಳ್ಳಿ. ಕೆರೆಯ ಕಾಲುವೆ ನೀರಿಗಾಗಿ ಎರಡು ಮನೆಯವರಿಗೆ ಹಿಂದಿನಿಂದ ಜಗಳ. ಕದರಪ್ಪ ಎಂಬ ರೈತ ಒಂದು ದಿನ ಬೆಳಗಿನ ಜಾವ ತೂಬಿನ ಹತ್ತಿರ ಬಗ್ಗಿ ಕಾಲುವೆಯ ಮಣ್ಣು ಎಳೆಯುತ್ತಿದ್ದಾಗ ಹಿಂದಿನಿಂದ ಯಾರೋ ಮಚ್ಚು ಬೀಸಿದರು. ಬಲಗೈ ಮಣಿಕಟ್ಟಿನ ಹತ್ತಿರ ಕಡಿದುಹೋಯಿತು. ಅವನಿಗೆ ಹೊಡೆದವರ ಮುಖ ಕಾಣಲಿಲ್ಲ. ಕಂಡವಳು ಒಬ್ಬಳೇ, ಆ ಊರಿನ ಸೂಲಗಿತ್ತಿ ಓಬಳಮ್ಮ. ಪಕ್ಕದ ಊರಲ್ಲಿ ಹೆರಿಗೆ ಮುಗಿಸಿ ಕೆರೆ ಏರಿಯ ಮೇಲೆ ಮನೆಗೆ ಬರುತ್ತಿದ್ದಳು. ಮಚ್ಚು ಬೀಸಿದವನು ಪಟೇಲರ ತಮ್ಮ ಮೂಡ್ಲಗಿರಿಯಪ್ಪ ಎಂದು ಪೊಲೀಸರ ಮುಂದೆ ಹೇಳಿದಳು. ಊರಿನಲ್ಲಿ ಬೇರೆ ಯಾರೂ ಬಾಯಿ ಬಿಡಲಿಲ್ಲ. ಮೂಡ್ಲಗಿರಿಯಪ್ಪ ನನ್ನ ಕಕ್ಷಿಗಾರನಾದ.

ಓಬಳಮ್ಮನನ್ನು ಕಟಕಟೆಯಲ್ಲಿ ನೋಡಿದ ಕೂಡಲೇ ಇವಳು ಸುಲಭದ ಸಾಕ್ಷಿಯಲ್ಲ ಎಂದು ನನಗೆ ಗೊತ್ತಾಯಿತು. ಅರವತ್ತರ ಸಮೀಪದ ಗಟ್ಟಿ ಹೆಂಗಸು. ಮಹಾರಾಜರ ಭಾವಚಿತ್ರಕ್ಕೆ ಕೈ ಮುಗಿದು, ಮ್ಯಾಜಿಸ್ಟ್ರೇಟರಿಗೆ ಕೈ ಮುಗಿದು, ನನಗೂ ಮುಗಿದಳು. ಸರ್ಕಾರದ ಪರ ಮೊಕದ್ದಮೆ ನಡೆಸುತ್ತಿದ್ದ ಪೊಲೀಸ್ ಇನ್ಸ್‌ಪೆಕ್ಟರು ಕೇಳಿದ್ದಕ್ಕೆಲ್ಲ ಒಂದೇ ಧ್ವನಿಯಲ್ಲಿ ಉತ್ತರ ಕೊಟ್ಟಳು. ಅವಳ ಮಾತಲ್ಲಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಊಟದ ವಿರಾಮದ ನಂತರ ನನ್ನ ಸರದಿ ಬಂತು.

ಆ ಹಜಾರದ ಒಂದು ಗುಟ್ಟು ನನಗೆ ಗೊತ್ತಿತ್ತು. ಸಾಕ್ಷಿಯ ಕಟಕಟೆ ಪಡುವಣ ಬಾಗಿಲಿಗೆ ನೇರ ಎದುರಾಗಿತ್ತು. ನಾಲ್ಕು ಗಂಟೆ ದಾಟಿದರೆ ಬಿಸಿಲು ಆ ಬಾಗಿಲಿನಿಂದ ಒಳಗೆ ನುಗ್ಗುತ್ತಿತ್ತು. ಆಗ ಬಾಗಿಲಲ್ಲಿ ನಿಂತವನು ಕಟಕಟೆಯಿಂದ ನೋಡುವವರಿಗೆ ಬರೀ ಕಪ್ಪು ಆಕಾರ. ಮ್ಯಾಜಿಸ್ಟ್ರೇಟರು ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು, ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಒಮ್ಮೆ ಅದೇ ಕಟಕಟೆಯ ಪಕ್ಕ ನಿಂತು ಬಾಗಿಲಲ್ಲಿದ್ದ ನನ್ನ ಮಾವನವರನ್ನೇ ನಾನು ಗುರುತಿಸಿರಲಿಲ್ಲ. ಅವತ್ತಿನಿಂದ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ.

ಎರಡು ಗಂಟೆಯಿಂದ ನಾಲ್ಕರವರೆಗೆ ಓಬಳಮ್ಮನ ಹತ್ತಿರ ಹರಟೆ ಹೊಡೆದೆ ಎಂದರೂ ಸರಿಯೇ. ಎಷ್ಟು ಮಕ್ಕಳನ್ನು ಎತ್ತಿದ್ದೀಯೆ, ಯಾವ ಯಾವ ಊರು, ಗಂಡ ಸತ್ತು ಎಷ್ಟು ವರ್ಷ. ಇನ್ಸ್‌ಪೆಕ್ಟರು ಆಕಳಿಸುತ್ತಿದ್ದರು. ಬಿಸಿಲು ಹೊಸ್ತಿಲು ದಾಟಿ ಕಟಕಟೆಯ ಬುಡಕ್ಕೆ ಬಂದಾಗ ಕೇಳಿದೆ.

"ಏರಿಯಿಂದ ತೂಬಿಗೆ ಎಷ್ಟು ದೂರ?"

"ಒಂದು ನಲವತ್ತು ಮಾರು ಇದ್ದಾತು ಸ್ವಾಮಿ."

"ಅಷ್ಟು ದೂರದಿಂದ, ಇನ್ನೂ ಸೂರ್ಯ ಹುಟ್ಟದ ಹೊತ್ತಿನಲ್ಲಿ, ಮೂಡ್ಲಗಿರಿಯಪ್ಪನೇ ಅಂತ ಹೇಗೆ ಗೊತ್ತಾಯಿತು?"

"ಅವ್ನು ನಾನೇ ಎತ್ತಿದ ಕೂಸು ಸ್ವಾಮಿ. ನಮ್ ಸೀಮೆಯಾಗೆ ಯಾರು ನಿಂತಿದ್ರೂ ಯಾರ ಮಗ ಅಂತ ಯೋಳ್ಬುಡ್ತೀನಿ."

"ಹಾಗಾದರೆ ಅಲ್ಲಿ ಬಾಗಿಲಲ್ಲಿ ನಿಂತಿದ್ದಾನಲ್ಲ, ಅವನು ಯಾರ ಮಗ?"

ಅವಳು ಕಣ್ಣಿನ ಮೇಲೆ ಕೈ ಅಡ್ಡ ಹಿಡಿದಳು. "ಕೈ ಇಳಿಸಮ್ಮ, ಕೋರ್ಟಿನಲ್ಲಿ ಹಾಗೆಲ್ಲ ನಿಲ್ಲಬಾರದು" ಎಂದೆ. ಇಳಿಸಿದಳು. ಕಣ್ಣು ಕಿರಿದು ಮಾಡಿ ನೋಡಿದಳು.

"ಪೊಲೀಸ್ನೋರು ಇರ್ಬೇಕು... ಗೊತ್ತಾಗ್ತಿಲ್ಲ ಸ್ವಾಮಿ."

"ಒಳಗೆ ಬಾರಪ್ಪ" ಎಂದು ಕರೆದೆ. ನಾಲ್ಕು ಹೆಜ್ಜೆ ಒಳಗೆ ಬಂದವನು ಹನುಮ, ಅವಳ ಒಬ್ಬನೇ ಮಗ. ನನ್ನ ಗುಮಾಸ್ತ ಶಾಮಣ್ಣ ಹೊರಗಿನಿಂದ ಅವನನ್ನು ಕರೆತಂದು, ಅಲ್ಲಾಡದೆ ನಿಂತಿರು ಎಂದು ಹೇಳಿ ನಿಲ್ಲಿಸಿದ್ದ.

ಹಜಾರವೆಲ್ಲ ಗೊಳ್ಳೆಂದಿತು. ಮ್ಯಾಜಿಸ್ಟ್ರೇಟರೂ ಮೀಸೆಯಲ್ಲಿ ನಕ್ಕರು. ಓಬಳಮ್ಮ ಮಗನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದು ನೋಡತೊಡಗಿದಳು, ಅವು ತನ್ನವೋ ಅಲ್ಲವೋ ಎಂಬಂತೆ. ನಾನು "ಇನ್ನು ಪ್ರಶ್ನೆಯಿಲ್ಲ" ಎಂದು ಕುಳಿತುಕೊಂಡೆ. ಅಂದು ನನಗೆ ಆದ ಸಂತೋಷವನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಮೈಯೆಲ್ಲ ಬೆಚ್ಚಗಾಗಿತ್ತು.

ಹತ್ತು ದಿನಕ್ಕೆ ತೀರ್ಪಾಯಿತು. ಮೂಡ್ಲಗಿರಿಯಪ್ಪ ಖುಲಾಸೆಯಾದ. ಕೋರ್ಟಿನ ಮೆಟ್ಟಿಲ ಮೇಲೆ ನನ್ನ ಕೊರಳಿಗೆ ಹಾರ ಹಾಕಿ, ಕಾಲು ಮುಟ್ಟಿ, ಎದ್ದು ನಿಂತು, ಮಳೆಯ ಮಾತು ಆಡುವಷ್ಟೇ ಸಹಜವಾಗಿ ಹೇಳಿದ: "ಆ ಮುದ್ಕಿ ಕಣ್ಣು ಅದೇನು ಚುರುಕು ಸ್ವಾಮಿ! ಏರಿ ಮ್ಯಾಲೆ ಯಾರೂ ಇಲ್ಲ ಅಂತ ಎರಡು ಸಲ ನೋಡ್ಕಂಡೇ ನಾನು ಕೈ ಮಾಡಿದ್ದು. ಅದೆಂಗೆ ಕಂಡ್ಲೋ!"

ಹಾರದ ಸೇವಂತಿಗೆ ಕೊರಳಿಗೆ ತಣ್ಣಗೆ ತಾಗುತ್ತಿತ್ತು. ಸುತ್ತ ಜನ. ನಾನು ಮುಖ ಬದಲಾಯಿಸಲಿಲ್ಲ. ಕೇಳದೆ ಬಿಟ್ಟ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ ಎಂದು ಅಲ್ಲಿಯವರೆಗೆ ನಂಬಿದ್ದೆ. ಮನೆಗೆ ಬಂದು ಹಾರ ತೆಗೆದು ಗೂಟಕ್ಕೆ ಹಾಕಿದೆ. ಎರಡು ದಿನದಲ್ಲಿ ಅದು ಬಾಡಿತು. ಪಾವಗಡದ ಒಂದು ಕೊಲೆ ಮೊಕದ್ದಮೆಯ ಕಾಗದಗಳು ಬಂದಿದ್ದವು.

ಯುಗಾದಿ ಕಳೆಯಿತು. ಆ ಸಲ ಬೇಸಿಗೆ ಕೆಟ್ಟದಾಗಿತ್ತು. ನಮ್ಮ ಊರಿನ ಬಂಡೆ ಹಗಲೆಲ್ಲ ಕಾದು, ಸಂಜೆ ಆ ಕಾವನ್ನು ಪೇಟೆಯ ಮೇಲೆ ಬಿಡುತ್ತಿತ್ತು. ಒಂದು ಬೆಳಿಗ್ಗೆ ಶಾಮಣ್ಣ ಬಂದು, "ಆ ಸೂಲಗಿತ್ತಿ ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದಾಳೆ" ಎಂದ. ಬೈಯಲು ಬಂದಿರುತ್ತಾಳೆ ಎಂದುಕೊಂಡೆ. ಬೈಸಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಸೋತ ಕಡೆಯವರು ಬೀದಿಯಲ್ಲಿ ನಿಂತು ಮಣ್ಣು ತೂರಿದ್ದೂ ಉಂಟು.

ಓಬಳಮ್ಮ ಎದ್ದು ಕೈ ಮುಗಿದಳು. ಅರ್ಧ ಇಳಿದುಹೋಗಿದ್ದಳು.

"ಬುದ್ಧಿ, ಒಂದು ಮಾತು ಕೇಳ್ಕಂಡು ಓಗಾನ ಅಂತ ಬಂದೆ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ನೀವು ಓದ್ದೋರು. ನಾನು ಅವತ್ತು ಏರಿ ಮ್ಯಾಲಿಂದ ಕಂಡಿದ್ದು ನಿಜವಾ, ಸುಳ್ಳಾ? ನೀವೇ ಯೋಳಿ."

ನಾನು ಬೀದಿಯ ಕಡೆ ನೋಡಿದೆ.

"ನನ್ ಮಗನ್ನೇ ಕಾಣ್ದೋಳು ಅವ್ನನ್ನ ಎಂಗೆ ಕಂಡೆ? ದಿನಾ ಮನ್ಸಾಗೆ ತೂಬು ತಂದ್ಕಂಡು ನೋಡ್ತೀನಿ. ಮೊದ್ಲು ಮೂಡ್ಲಗಿರಿ ಕಾಣ್ತಿದ್ದ. ಈಗ ಬರೀ ಕರ್ರಗೆ ಕಾಣ್ತದೆ ಬುದ್ಧಿ. ಒಂದು ನಿರಪರಾಧೀನ ಜೈಲಿಗೆ ಆಕ್ಸೋಕೆ ಒಂಟಿದ್ನಾ ನಾನು?"

ಸಾಕ್ಷಿಗಳನ್ನು ಸುಳ್ಳುಗಾರರೆಂದು ನ್ಯಾಯಾಧೀಶರಿಗೆ ತೋರಿಸುವುದು ನನ್ನ ಕೆಲಸ. ಆದರೆ ನನ್ನ ಸವಾಲು ಹೀಗೆ ಮನುಷ್ಯರ ಒಳಗೆ ಹೊಕ್ಕು, ಅವರು ಕಂಡದ್ದನ್ನೇ ಅಳಿಸಿಬಿಡಬಲ್ಲದು ಎಂದು ನಾನು ಯೋಚಿಸಿರಲೇ ಇಲ್ಲ. 'ನೀನು ಕಂಡದ್ದು ನಿಜ' ಎಂಬ ಮೂರು ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಕಕ್ಷಿಗಾರನ ಗುಟ್ಟು ಬಿಟ್ಟುಕೊಟ್ಟಂತೆ. "ಕೋರ್ಟಿನ ಮಾತು ಕೋರ್ಟಿಗೆ ಮುಗಿಯಿತಮ್ಮ, ಅದನ್ನು ಮನಸ್ಸಿಗೆ ಹಚ್ಚಿಕೋಬೇಡ" ಎಂದೆ. ನಾನು ಇನ್ನೂ ಏನಾದರೂ ಹೇಳುತ್ತೇನೆಂದು ಅವಳು ಕಾದಳು. ಆಮೇಲೆ ಗೋಡೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡಕುತ್ತ ಇಳಿದು ಹೋದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಕಣ್ಣನ್ನು ನಂಬುವುದನ್ನು ಬಿಟ್ಟಿದ್ದಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡ ನನ್ನ ಹೆಂಡತಿ ಬಾಗಿಲಿಗೆ ಬಂದು, "ಬೈದು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು" ಎಂದಳು.

ಹದಿನೈದು ದಿನ ಕಳೆದಿರಬೇಕು. ನಾನು ಕೋರ್ಟಿಗೆ ಹೊರಡಲು ರುಮಾಲು ಸುತ್ತುತ್ತಿದ್ದೆ. ಹನುಮ ಓಡಿಬಂದವನು ಅಂಗಳದಲ್ಲೇ ಕುಸಿದು ಕುಳಿತ. ನೀರು ಕೊಟ್ಟ ಮೇಲೆ ಅವನಿಗೆ ಮಾತು ಬಂತು.

"ಕುಂಬಾರ್ರ ಮನೆ ಸೊಸೆಗೆ ಮೊನ್ನೆಯಿಂದ ನೋವು ಸ್ವಾಮಿ. ಚೊಚ್ಚಲು. ಕೂಸು ಅಡ್ಡ ಆಗೈತಂತೆ. ಗಾಡ್ಯಾಗೆ ಆಕೋ ಅಂಗಿಲ್ಲ. ನಮ್ಮವ್ವ ಓಗ್ತಿಲ್ಲ. ಕೋರ್ಟಿಂದ ಬಂದ್ಮ್ಯಾಲೆ ಒಂದು ಎರಿಗೆಗೂ ಓಗಿಲ್ಲ. 'ನನ್ ಕಣ್ಣು ಸುಳ್ಳು ಯೋಳ್ತವೆ, ಕೈಯೂ ಯೋಳಿದ್ರೆ ಎಂಗೆ? ಯಾರನ್ನೋ ಕೊಂದ್ಬುಡ್ತೀನಿ' ಅಂತಾಳೆ. ಡಾಕ್ಟ್ರನ್ನ ಕರ್ಯಾಕ್ ಬಂದೆ, ಅವ್ರು ಊರಾಗಿಲ್ಲ." ಅವನು ನನ್ನ ಮುಖವನ್ನು ನೇರವಾಗಿ ನೋಡಿದ. "ನನ್ನನ್ನ ಬಾಗ್ಲಾಗೆ ನಿಲ್ಸಿ ನಮ್ಮವ್ವನ್ನ ಕೆಡಿಸ್ದೋರು ನೀವು. ನೀವೇ ಬಂದು ಯೋಳಿ."

ಜಟಕಾ ಕಟ್ಟಿಸಿದೆ. ಶಾಮಣ್ಣ, "ಇವತ್ತು ಸಿರಾದವರ ಕೇಸು ಇದೆ ಸ್ವಾಮಿ" ಎಂದ. ಅವನನ್ನೂ ಹತ್ತಿಸಿಕೊಂಡೆ. ದುರ್ಗದ ಬೆಟ್ಟ ಬಿಸಿಲಿನ ಹಬೆಯಲ್ಲಿ ನಡುಗುತ್ತಿತ್ತು. ಕುದುರೆ ಎರಡು ಕಡೆ ನಿಂತುಬಿಟ್ಟಿತು. ನಾವು ಊರು ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಊರ ಮುಂದೆಯೇ ಆ ಹೆಣ್ಣುಮಗಳ ನರಳಾಟ ಕೇಳಿಸಿತು. ಕೂಗುವ ಶಕ್ತಿಯೂ ಹೋದ ಮೇಲಿನ ನರಳಾಟ ಅದು.

ಓಬಳಮ್ಮ ತನ್ನ ಮನೆಯ ಮುಂದೆ ಗೋಡೆಗೆ ಒರಗಿ, ಸೆರಗಿನಿಂದ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಸುತ್ತ ಏಳೆಂಟು ಹೆಂಗಸರು ಬೇಡಿಕೊಂಡು ಸಾಕಾಗಿ ನಿಂತಿದ್ದರು.

"ತಾಯಿ, ನಿನ್ನ ಕಣ್ಣಿಗೆ ಏನೂ ಆಗಿಲ್ಲ" ಎಂದೆ. "ಆ ಬಾಗಿಲಲ್ಲಿ ನಿಂತರೆ ಯಾರಿಗೂ ಕಾಣುವುದಿಲ್ಲ. ಅದು ಬಿಸಿಲಿನ ಆಟ."

ಅವಳು ತಲೆ ಎತ್ತಲಿಲ್ಲ. "ನೀವು ಮಾತಿನೋರು ಬುದ್ಧಿ. ಅವತ್ತು ಅಂಗಂದ್ರಿ, ಇವತ್ತು ಇಂಗಂತೀರಿ. ಯಾವ್ದನ್ನ ನಂಬ್ಲಿ?"

ಅವಳ ಮನೆಯ ಬಾಗಿಲು ಪಡುವಣಕ್ಕೇ ಇತ್ತು. ಒಳಗೆ ಕತ್ತಲೆ. "ನಾನು ಒಳಗೆ ಹೋಗಿ ನಿಲ್ಲುತ್ತೇನೆ. ನಿನಗೆ ಬೇಕಾದವರನ್ನು ಹೊಸ್ತಿಲಲ್ಲಿ ನಿಲ್ಲಿಸು. ಯಾರೆಂದು ಹೇಳುತ್ತೇನೆ ನೋಡು" ಎಂದೆ.

ಒಳಗೆ ಹಿಂದಿನ ಗೋಡೆಗೆ ಒರಗಿ ನಿಂತೆ. ಹೊರಗೆ ಪಿಸುಮಾತು. ಆಮೇಲೆ ಹೊಸ್ತಿಲಿನ ಮೇಲೆ ಒಂದು ಕಪ್ಪು ಆಕಾರ ಬಂದು ನಿಂತಿತು. ಬೆಂಕಿಯಂಥ ಬಿಸಿಲು ಅದರ ಸುತ್ತ. ಎಷ್ಟು ನೋಡಿದರೂ ಕಣ್ಣಲ್ಲಿ ನೀರು ತುಂಬಿತೇ ಹೊರತು ಮುಖ ಕಾಣಲಿಲ್ಲ. ಬರಿದಲೆ, ಎತ್ತರದ ಆಳು. "ಹನುಮ" ಎಂದೆ.

ಹೆಂಗಸರು ನಗಲಿಲ್ಲ. ಹೊಸ್ತಿಲಲ್ಲಿದ್ದವನು ರುಮಾಲು ತೆಗೆದಿಟ್ಟ ಶಾಮಣ್ಣ. ಹತ್ತು ವರ್ಷ ನನ್ನ ಪಕ್ಕದಲ್ಲಿ ಕುಳಿತು ಬರೆದವನು.

ಓಬಳಮ್ಮ ಎದ್ದಳು. ಒಳಗೆ ಬಂದು ನಾನು ನಿಂತಿದ್ದ ಜಾಗದಲ್ಲಿ ನಿಂತು ನೋಡಿದಳು. ಒಬ್ಬ ಹುಡುಗಿಯನ್ನು ಕರೆದು, "ಅದ್ಯಾರು ನಿಂತಿರಾದು ಯೋಳಮ್ಮಿ" ಎಂದಳು. ಎಳೆಯ ಕಣ್ಣಿನ ಹುಡುಗಿ, "ಗೊತ್ತಾಗಲ್ಲ ಕಣಜ್ಜಿ" ಎಂದಳು. ಓಬಳಮ್ಮ ನನ್ನ ಕಡೆ ತಿರುಗಿದಳು.

"ಇದು ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೇ ನಿಲ್ಲಿಸಿದ್ರಾ ನನ್ ಮಗನ್ನ?"

"ಹೌದು."

"ಅಂಗಾದ್ರೆ ತೂಬಿನ ತಾವ ಇದ್ದೋನು ಮೂಡ್ಲಗಿರೀನೇ?"

"ಅದನ್ನು ನಾನು ಹೇಳುವ ಹಾಗಿಲ್ಲ ತಾಯಿ. ನೀನು ಕಂಡದ್ದು ನಿನಗೆ ಗೊತ್ತು."

ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ದ್ವೇಷವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೆಚ್ಚಿಬಿದ್ದಿದ್ದಳು. ಮನುಷ್ಯರು ಹೀಗೂ ಮಾಡುತ್ತಾರೆ ಎಂಬುದು ಅಷ್ಟು ಮಕ್ಕಳನ್ನು ಎತ್ತಿದ ಆ ಹೆಂಗಸಿಗೆ ಅಂದೇ ಮೊದಲು ತಿಳಿದಂತಿತ್ತು. ಬಿಸಿನೀರು ಕಾಯಿಸಲು ಕೂಗಿ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಂಬಾರರ ಮನೆಗೆ ಓಡಿದಳು. ಓಡುವಾಗ ಗೋಡೆ ಹಿಡಿಯಲಿಲ್ಲ.

ನಾನು ಕುಂಬಾರರು ಮಡಕೆ ಸುಡುವ ಆವಿಗೆಯ ಹತ್ತಿರ ಒಂದು ಕಲ್ಲಿನ ಮೇಲೆ ಕುಳಿತೆ. ಇದಾದ ಮೇಲೆ ವಕೀಲಿ ಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಿಡಲಿಲ್ಲ. ಮುಂದೆ ಹದಿನಾರು ವರ್ಷ ಅದನ್ನೇ ಮಾಡಿದೆ, ಗೆದ್ದೆ, ಮನೆ ಕಟ್ಟಿಸಿದೆ. ಆದರೆ ಸಾಕ್ಷಿಯ ಬಾಯಿಂದ ನನಗೆ ಬೇಕಾದ ಮಾತು ಹೊರಟ ಮೇಲೆ, ಕೂರುವುದಕ್ಕೆ ಮುಂಚೆ ಒಂದು ಕ್ಷಣ ಅವರ ಮುಖ ನೋಡುವುದು ಅಭ್ಯಾಸವಾಯಿತು. ನೋಡಿದ ಮೇಲೂ ಕೂತಿದ್ದೇನೆ. ಕೆಲವು ಸಲ ಎದ್ದು, ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅಂಥ ದಿನ ಕಕ್ಷಿಗಾರರು ನನಗೆ ವಯಸ್ಸಾಯಿತೆಂದು ಮಾತಾಡಿಕೊಂಡರು. ಓಬಳಮ್ಮ ಸಾಯುವವರೆಗೂ ಹೆರಿಗೆ ಮಾಡಿಸಿದಳಂತೆ. ಕೋರ್ಟಿನ ಕಡೆ ಮಾತ್ರ ತಲೆ ಹಾಕಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಅವಳು ಹೊರಗೆ ಬಂದಳು. ಮೊಣಕೈವರೆಗೆ ಒದ್ದೆ. ಮನೆಯೊಳಗಿನಿಂದ ಮಗುವಿನ ಅಳು ಕೇಳಿಸೀತೆಂದು ನಾನು ಕಾಯುತ್ತಿದ್ದೆ.

"ತಾಯಿ ಉಳ್ಕಂಡ್ಲು" ಎಂದಳು. "ಕೂಸು ನೆನ್ನೇನೇ ಓಗೈತೆ."

ನೆನ್ನೆ. ನೆನ್ನೆ ನಾನು ಕೊರಟಗೆರೆಯಲ್ಲಿ ಸ್ನೇಹಿತರ ಮಗನ ನಾಮಕರಣದ ಊಟ ಮಾಡುತ್ತಿದ್ದೆ. ಓಬಳಮ್ಮ ನನ್ನ ಮುಂದೆಯೇ ಹಾದು, ಕೈ ತೊಳೆಯಲು ಬಾನಿಯ ಹತ್ತಿರ ಹೋದಳು. ಮತ್ತೆ ನನ್ನ ಕಡೆ ತಿರುಗಲಿಲ್ಲ. ನನ್ನನ್ನು ಅಲ್ಲಿಂದ ಎಬ್ಬಿಸಲು ಶಾಮಣ್ಣ ಭುಜ ಮುಟ್ಟಬೇಕಾಯಿತು.

ಜಟಕಾ ನಿಲ್ಲಿಸಿದ್ದು ಊರ ಕೊನೆಯ ಮನೆಯ ಮುಂದೆ. ಅಲ್ಲೊಬ್ಬ ಹುಲ್ಲಿನ ಕಟ್ಟನ್ನು ಮೊಣಕಾಲಿನಿಂದ ಅದುಮಿ, ಹಗ್ಗದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ ಬಿಗಿಯುತ್ತಿದ್ದ. ಕದರಪ್ಪ. ಕೋರ್ಟಿನಲ್ಲಿ ಅವನನ್ನು ಎರಡು ದಿನ ನೋಡಿದ್ದೆ, ಆದರೆ ಅವನ ಮುಖ ನನಗೆ ನೆನಪಿರಲಿಲ್ಲ. ಗುರುತು ಸಿಕ್ಕಿದ್ದು ಕೈಯಿಂದ.

ಅವನು ಹಗ್ಗ ಬಿಟ್ಟು ಎದ್ದು ಬಂದ. ಹೊಡೆದರೆ ಹೊಡೆಯಲಿ ಎಂದು ನಿಂತೆ.

"ಸ್ವಾಮಿ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ಈ ಕಾಲ್ವೆ ಜಗಳ ಇಲ್ಲಿಗೆ ಮುಗಿಯಂಗೆ ಕಾಣಲ್ಲ. ಇನ್ನೊಂದ್ ಸಲ ಕೋರ್ಟಿಗೆ ಬಂದ್ರೆ ನೀವು ನನ್ ಕಡೆ ನಿಂತ್ಕಬೇಕು. ಅವತ್ತು ನೋಡಿದ್ನಲ್ಲ, ನಿಮ್ಮಂಗೆ ಕೇಳೋರು ಯಾರೂ ಇಲ್ಲ ಬುಡಿ. ನನಗೇ ಒಂದು ಗಳಿಗೆ ಅನ್ನಿಸ್ಬುಡ್ತು, ಕಡ್ದೋನು ಮೂಡ್ಲಗಿರಿ ಅಲ್ವೇನೋ ಅಂತ."

ಅಣಕವಿರಲಿಲ್ಲ. ಅವನು ಮನಸಾರೆ ಹೊಗಳುತ್ತಿದ್ದ. ಜಟಕಾದ ಮೆಟ್ಟಿಲಿಗೆ ಕಾಲಿಟ್ಟೆ. ಕಾಲು ಜಾರಿತು. ಕದರಪ್ಪ ನನ್ನನ್ನು ಹಿಡಿಯಲು ತಟ್ಟನೆ ಬಲಗೈ ಮುಂದೆ ಚಾಚಿದ. ಆಮೇಲೆ ನೆನಪಾಗಿ, ಅದನ್ನು ಹಿಂದಕ್ಕೆಳೆದುಕೊಂಡು ಎಡಗೈ ಕೊಟ್ಟ.